ಹಸಿರು ಡಬ್ಬಿಯ ಪುಡಿ

"ಏನು ಕತ್ತರಿ ಅಕ್ಕ, ಮುಖ ಒಳ್ಳೇ ಚಂದ್ರನ ಹಾಗೆ ತುಂಬ್ಕೊಂಡಿದೆ," ಎಂದಳು ಕುರ್ಚಿಯಲ್ಲಿ ಕೂತಿದ್ದ ಹೂವಿನಂಗಡಿಯಾಕೆ.

"ಎಲ್ಲಾ ಪುಡಿ ಮಹಿಮೆ," ಎಂದು ನಗುತ್ತ ಕತ್ತರಿ ಅಕ್ಕ ಆಕೆಯ ಒದ್ದೆ ಕೂದಲನ್ನು ಬಾಚಣಿಗೆಯಲ್ಲಿ ಎತ್ತಿ ತುದಿ ಕತ್ತರಿಸಿದಳು. ಹೆಂಗಸರ ಕೂದಲು ಕತ್ತರಿಸುವ ಆ ಪುಟ್ಟ ಅಂಗಡಿಯ ಒಡತಿಯನ್ನು ಬೀದಿಯವರೆಲ್ಲ ಕರೆಯುತ್ತಿದ್ದುದೇ ಹಾಗೆ.

ಹಿಂದಿನ ವರ್ಷ ಆ ಕೈ ಕತ್ತರಿ ಹಿಡಿಯುವ ಸ್ಥಿತಿಯಲ್ಲೇ ಇರಲಿಲ್ಲ. ಸಂಧಿವಾತದಿಂದ ಬೆರಳಿನ ಗೆಣ್ಣುಗಳು ಊದಿಕೊಂಡು, ಬೆಳಗ್ಗೆ ಎದ್ದರೆ ರವಿಕೆಯ ಗುಂಡಿ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ. "ಅಂಗಡಿ ಮುಚ್ಚಿ ಹಾಯಾಗಿ ಮನೇಲಿರು," ಎಂದಿದ್ದ ಗಂಡ. "ನೋಯ್ತಿರೋದು ಕೈ, ತಲೆಯಲ್ಲ. ಯಾವಾಗ ಮುಚ್ಚಬೇಕು ಅಂತ ನಾನು ಹೇಳ್ತೀನಿ," ಎಂದು ಅವನ ಬಾಯಿ ಮುಚ್ಚಿಸಿದ್ದಳು. ಆದರೆ ಆಸ್ಪತ್ರೆಯ ಮಾತ್ರೆ ಕೆಲಸ ಶುರು ಮಾಡುವಷ್ಟರಲ್ಲಿ ಅವಳ ತಾಳ್ಮೆ ಮುಗಿದಿತ್ತು. ಅದೇ ಹೊತ್ತಿಗೆ ಅವಳ ಒಡಹುಟ್ಟಿದ ಅಕ್ಕನ ಗಂಡ ತಾನು ತರಿಸಿ ಮಾರುತ್ತಿದ್ದ ಪುಡಿಯ ಹಸಿರು ಡಬ್ಬಿ ಹಿಡಿದು ಬಂದ. "ಬರೀ ಬೇರು, ಎಲೆ, ತೊಗಟೆ. ಬೇರೇನೂ ಇಲ್ಲ," ಎಂದ. ಮಾರನೆಯ ದಿನವೇ ನೋವು ಇಳಿಯಿತು. ವಾರ ಕಳೆಯುವುದರೊಳಗೆ ಅವಳು ಮುಷ್ಟಿ ಬಿಗಿದು, ಅದನ್ನೇ ನೋಡುತ್ತ ಕೂತು ಅತ್ತಿದ್ದಳು.

ಅಲ್ಲಿಂದ ಮುಂದೆ ಭಾವನಿಗೆ ಬೇರೆ ಜಾಹೀರಾತು ಬೇಕಾಗಲಿಲ್ಲ. ಅವಳ ಅಂಗಡಿಯ ಕನ್ನಡಿಯ ಮುಂದೆ ಡಬ್ಬಿಗಳು ಸಾಲಾಗಿ ಕೂತವು. ಬೀದಿಯ ತಿರುವಿನಲ್ಲಿ ಅವಳು ಕತ್ತರಿ ಹಿಡಿದು ನಗುವ ದೊಡ್ಡ ಬ್ಯಾನರ್ ಎದ್ದಿತು. ಮಂಡಿ ನೋವಿನ ಹೂವಿನಂಗಡಿಯಾಕೆಯೂ ಅವಳ ಕೈಯಿಂದಲೇ ಡಬ್ಬಿ ಒಯ್ಯುತ್ತಿದ್ದಳು.

ಒಂದು ದಿನ ಕತ್ತರಿ ತಾಗಿ ಹೆಬ್ಬೆರಳು ಸ್ವಲ್ಪ ಗೀರಿತು. ಆ ಕಸುಬಿನಲ್ಲಿ ಇದೇನೂ ಹೊಸದಲ್ಲ, ಆದರೆ ಈ ಸಲ ಗಾಯ ಮಾಯಲಿಲ್ಲ, ಕೀವು ತುಂಬಿತು. ತೋಳಿನ ಮೇಲೆ ಸುಮ್ಮಸುಮ್ಮನೆ ನೀಲಿ ಕಲೆಗಳು ಏಳುತ್ತಿದ್ದವು. ಎಷ್ಟು ನೀರು ಕುಡಿದರೂ ಬಾಯಾರಿಕೆ. ಕೊನೆಗೆ ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತಿದಳು.

ಡಾಕ್ಟರಮ್ಮ ಗಾಯಕ್ಕಿಂತ ಹೆಚ್ಚು ಹೊತ್ತು ಅವಳ ಮುಖ ನೋಡಿದರು. ಅವಳು ತಿನ್ನುತ್ತಿದ್ದ ಪುಡಿಯ ವಿಷಯ ಕೇಳಿ ತಿಳಿದು, ರಕ್ತದ ಜೊತೆ ಅದನ್ನೂ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದಾಗ ಎದುರಿಗೆ ಕೂರಿಸಿಕೊಂಡು ಹೇಳಿದರು: "ಇದರಲ್ಲಿ ಸ್ಟೆರಾಯ್ಡ್ ಬೆರೆಸಿದ್ದಾರೆ, ಅದೂ ಮನಸ್ಸಿಗೆ ಬಂದಷ್ಟು. ಮುಖ ಊದಿರೋದು, ಸಕ್ಕರೆ ಏರಿರೋದು, ಗಾಯ ಮಾಯದೇ ಇರೋದು ಅದರಿಂದಲೇ."

"ಹಾಗಾದ್ರೆ ಇವತ್ತೇ ಬಿಸಾಕ್ತೀನಿ."

"ಪುಡಿ ಬಿಡಿ. ಆದ್ರೆ ಅದರಲ್ಲಿರೋ ಸ್ಟೆರಾಯ್ಡ್ ಒಮ್ಮೆಲೇ ನಿಂತ್ರೆ ಪ್ರಾಣಕ್ಕೇ ಕುತ್ತು. ಅದನ್ನೇ ಅಳತೆ ಗೊತ್ತಿರೋ ಮಾತ್ರೆಯಾಗಿ ಕೊಟ್ಟು ನಿಧಾನಕ್ಕೆ ಇಳಿಸ್ತೀನಿ. ನೋವು ಸ್ವಲ್ಪ ಮರುಕಳಿಸುತ್ತೆ, ಹಳೇ ಚಿಕಿತ್ಸೆ ಮತ್ತೆ ಶುರು ಮಾಡೋಣ. ಶುಂಠಿ ಕಷಾಯ ಕುಡೀರಿ, ಬೆಚ್ಚಗೆ ಎಣ್ಣೆ ಹಚ್ಚಿ, ಶಾಖ ಕೊಡಿ, ನನ್ನ ತಕರಾರಿಲ್ಲ. ಹಿತ ಅನಿಸುತ್ತೆ. ಆದ್ರೆ ಯಾವ ಎಲೆಯೂ ರಾತ್ರಿ ಬೆಳಗಾಗೋದ್ರಲ್ಲಿ ಇಷ್ಟು ಊತ ಇಳಿಸಲ್ಲಮ್ಮ."

ಅವಳು ನೇರ ಅಕ್ಕನ ಮನೆಗೆ ಹೋದಳು. ಕಿಟಕಿಯ ಪಕ್ಕದ ಮಂಚದಲ್ಲಿ ಭಾವನ ಮುದಿ ತಾಯಿ ಕೂತಿದ್ದರು. ಅದೇ ದುಂಡು ಮುಖ, ತೋಳಿನ ಮೇಲೆ ಅದೇ ನೀಲಿ ಕಲೆಗಳು. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಅವಳು ಬಾಗಿಲಲ್ಲೇ ನಿಂತು ಹೇಳಿದಳು.

ಭಾವ ಎಲ್ಲ ಕೇಳಿಸಿಕೊಂಡು ಸಿಡುಕಿದ. "ನಿನ್ನ ಕೈಗೆ ಜೀವ ಕೊಟ್ಟೋನು ನಾನು. ಡಾಕ್ಟರೂ ಅದನ್ನೇ ಕೊಡ್ತಾರೆ ಅಂತೀಯ, ನಾನು ಕೊಟ್ರೆ ಮಾತ್ರ ವಿಷಾನಾ?"

"ಅವರು ಹೆಸರು ಹೇಳಿ, ಅಳೆದು ಕೊಡ್ತಾರೆ. ರಕ್ತ ನೋಡಿ ಇಳಿಸ್ತಾರೆ. ನೀವು ಎಲೆಯ ಚಿತ್ರ ಅಂಟಿಸಿ ಕೊಟ್ರಿ."

"ಹೆತ್ತ ತಾಯಿಗೂ ಇದನ್ನೇ ಕೊಡ್ತಿದ್ದೀನಿ. ಗೊತ್ತಿದ್ದೂ ಕೊಡ್ತೀನಾ?"

"ಏನು ಹಾಕ್ತೀಯ ಅಂತ ಪುಡಿ ಮಾಡಿ ನಿಮಗೆ ಕೊಡೋನನ್ನ ಒಂದು ಸಲ ಆದ್ರೂ ಕೇಳಿದ್ರಾ?"

ಭಾವ ತಡವರಿಸಿದ. "ಕೇಳಿದ್ರೆ ಮಾಲು ಬೇರೆಯವರಿಗೆ ಕೊಡ್ತಾನೆ."

ಅಕ್ಕ ಅವಳ ಕೈ ಹಿಡಿದುಕೊಂಡಳು. "ಮನೆ ವಿಷಯ ಬೀದಿಗೆ ತರಬೇಡ ಕಣೆ. ನಿನ್ನ ದಮ್ಮಯ್ಯ."

"ನಾನೆಲ್ಲಿ ತಂದೆ ಅಕ್ಕ? ನನ್ನ ಮುಖಾನ ತಿರುವಿನಲ್ಲಿ ನೇತುಹಾಕಿದ್ದು ಯಾರು?"

ಮರುದಿನ ಬೆಳಗ್ಗೆ ಬೀದಿ ತುಂಬ ಜನ ಓಡಾಡುವ ಹೊತ್ತಿಗೆ ಅವಳು ಏಣಿ ಹೊತ್ತು ತಿರುವಿಗೆ ಬಂದಳು. ಬ್ಯಾನರಿನ ಹಗ್ಗಕ್ಕೆ ಕತ್ತರಿ ಹಾಕಿದಳು. ಹಗ್ಗ ದಪ್ಪ, ಗೆಣ್ಣುಗಳಲ್ಲಿ ಮುಳ್ಳಾಡಿಸಿದಂತೆ ನೋವು. ಸುದ್ದಿ ಮುಟ್ಟಿ ಭಾವ ಏದುಸಿರು ಬಿಡುತ್ತ ಓಡಿ ಬಂದ.

"ಮರ್ಯಾದೆಯಾಗಿ ಇಳಿ ಕೆಳಗೆ."

"ಇಳೀತೀನಿ ಭಾವ. ಮೊದಲು ಇದನ್ನ ಇಳಿಸ್ತೀನಿ."

ಬ್ಯಾನರ್ ದೊಪ್ಪನೆ ಬಿತ್ತು. ನೆರೆದವರಿಗೆಲ್ಲ ಅವಳು ಏಣಿಯ ಮೇಲಿಂದಲೇ ನಡೆದದ್ದನ್ನು ಹೇಳಿದಳು. ಹೂವಿನಂಗಡಿಯಾಕೆ ಗುಂಪು ಸೀಳಿಕೊಂಡು ಮುಂದೆ ಬಂದಳು. "ನಂಗೆ ಕೊಟ್ಟೋಳು ನೀನೇ ಅಲ್ವೇನೆ?"

"ನಾನೇ. ಅದಕ್ಕೇ ನಾನೇ ಹೇಳ್ತಿದ್ದೀನಿ. ಬೈಯೋದೆಲ್ಲ ದಾರೀಲಿ ಬೈಯಿ, ಈಗ ನಡಿ ಆಸ್ಪತ್ರೆಗೆ. ನಿನ್ನಷ್ಟಕ್ಕೆ ನೀನೇ ಥಟ್ಟನೆ ನಿಲ್ಲಿಸಬೇಡ."

ಆಕೆ ದಾರಿಯುದ್ದಕ್ಕೂ ಬೈದಳು. ಕತ್ತರಿ ಅಕ್ಕ ಒಂದಕ್ಕೂ ಎದುರಾಡಲಿಲ್ಲ. ಅದೇ ವಾರ ಔಷಧ ನಿಯಂತ್ರಣ ಕಚೇರಿಗೆ ಹೋಗಿ ದೂರು ಕೊಟ್ಟಳು. "ಹೆಸರು ಹಾಕದೆಯೂ ಕೊಡಬಹುದು," ಎಂದ ಗುಮಾಸ್ತ. "ಹೊಗಳುವಾಗ ಹೆಸರಿತ್ತು, ಈಗಲೂ ಇರಲಿ," ಎಂದುಬಿಟ್ಟಳು. ಒಡಹುಟ್ಟಿದ ಅಕ್ಕ ಅವಳ ಜೊತೆ ಮಾತು ಬಿಟ್ಟಳು. ಗಿರಾಕಿಗಳಲ್ಲಿ ಕೆಲವರು ಬೇರೆ ಅಂಗಡಿ ಹಿಡಿದರು. ಬೆಳಗಿನ ಹೊತ್ತು ಬೆರಳು ಮತ್ತೆ ಸೆಟೆದುಕೊಳ್ಳುತ್ತಿತ್ತು. ಅಂಗಡಿಯನ್ನು ತಡವಾಗಿ ತೆರೆದಳು, ಆದರೆ ತೆರೆಯದೆ ಬಿಡಲಿಲ್ಲ.

ಮುಂದಿನ ತಪಾಸಣೆಗೆಂದು ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದಾಗ ಭಾವ ತಾಯಿಯನ್ನು ಹಿಡಿದುಕೊಂಡು ಬಂದ. ಅವಳನ್ನು ಕಂಡು ತಿರುಗಿ ಹೋಗುವವನಂತೆ ನಿಂತ. ಅಷ್ಟರಲ್ಲಿ ನರ್ಸ್ ಕೇಳಿದಳು, "ಅಜ್ಜಿ ಇಷ್ಟು ದಿನ ಏನು ತಗೋತಿದ್ರು?"

ಭಾವ ತಾಯಿಯ ತೋಳು ಬಿಡದೆ ಮುಂದೆ ಬಂದ. "ನಾನು ಕೊಟ್ಟ ಪುಡಿ," ಎಂದ. "ಅದರಲ್ಲಿ ಏನೇನಿದೆ ಅಂತ ನಂಗೆ ಗೊತ್ತಿಲ್ಲ."

ಕತ್ತರಿ ಅಕ್ಕ ಸರಿದು ಮುದುಕಿಗೆ ಜಾಗ ಮಾಡಿಕೊಟ್ಟಳು. ಭಾವ ನಿಂತೇ ಇದ್ದ.

"ದೂರು ವಾಪಸ್ ತಗೊಳ್ಳಲ್ಲ ಭಾವ," ಎಂದಳು, ಅವನು ಕೇಳುವ ಮೊದಲೇ.

"ತಗೋ ಅಂತ ಹೇಳೋಕೆ ಬಂದಿಲ್ಲ. ಪುಡಿ ಮಾಡೋನ ವಿಳಾಸ ಹೇಳ್ತೀನಿ, ಬರ್ಕೊ."

ಅವಳು ಚೀಲದಿಂದ ಕಾಗದ, ಪೆನ್ನು ತೆಗೆದು ಅವನತ್ತ ಚಾಚಿದಳು. "ಇವತ್ತು ನನ್ನ ಬೆರಳು ಮಡಚ್ತಿಲ್ಲ. ನೀವೇ ಬರೀರಿ. ಕೆಳಗೆ ನಿಮ್ಮ ಹೆಸರೂ ಹಾಕಿ."

ಭಾವ ಪೆನ್ನು ತೆಗೆದುಕೊಂಡ. ಆಮೇಲೆ ತಾಯಿಯ ಪಕ್ಕ ಕೂತು, ಕಾಗದವನ್ನು ಮಂಡಿಯ ಮೇಲಿಟ್ಟುಕೊಂಡು ಬರೆಯತೊಡಗಿದ.