ಬಾಯಲ್ಲಿ ಗುಂಡುಸೂಜಿ

ಅಂಗಡಿ ಒಂದೇ, ನಡುವೆ ಒಂದು ಬೀರು ನಿಲ್ಲಿಸಿ ಎರಡು ಮಾಡಿಕೊಂಡಿದ್ದರು. ಬೀರುವಿನ ಈಚೆ ತಮ್ಮನ ಕನ್ನಡಕ, ಆಚೆ ಅಕ್ಕನ ಹೊಲಿಗೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದರೂ ಇಬ್ಬರ ಸ್ವಭಾವಕ್ಕೆ ಅಜಗಜಾಂತರ. ಅಕ್ಕ ಯಾವುದನ್ನಾದರೂ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ತೀರ್ಮಾನಿಸಿಬಿಡುವಳು. ತಮ್ಮನೋ, ಬೆಳಿಗ್ಗೆ ಎರಡು ಅಂಗಿಗಳ ಮುಂದೆ ಬನಿಯನ್ನಿನಲ್ಲೇ ಅರ್ಧ ಗಂಟೆ ನಿಲ್ಲುವವನು. ಅಮ್ಮ ಬದುಕಿದ್ದಾಗ ಅವಳನ್ನು ಹಿಂದಕ್ಕೆಳೆದು, ಇವನನ್ನು ಮುಂದಕ್ಕೆ ದೂಡಿ, ಹೇಗೋ ಸಂಭಾಳಿಸುತ್ತಿದ್ದಳು. ಆಕೆ ದೇವರ ಪಾದ ಸೇರಿ ವರ್ಷವಾಗಿತ್ತು. ಉಳಿದದ್ದು ಆಕೆಯ ಹೊಲಿಗೆ ಯಂತ್ರ.

ಆ ಯಂತ್ರವನ್ನೇ ಅಕ್ಕ ಈಗ ಮಾರಲು ಹೊರಟಿದ್ದಳು. ಎರಡು ತಿಂಗಳಿಂದ ಅವಳ ಹೊಲಿಗೆ ಹಾವು ಹರಿದಂತೆ ಹೋಗುತ್ತಿತ್ತು. ತನ್ನ ಕೈ ಇನ್ನು ಮುಗಿಯಿತೆಂದು ತಿಂಡಿ ತಿನ್ನುವಾಗ ಅನ್ನಿಸಿತಂತೆ. ತಟ್ಟೆ ತೊಳೆಯುವಷ್ಟರಲ್ಲಿ ಹಳೆಯ ಯಂತ್ರಗಳ ವ್ಯಾಪಾರಿಗೆ ಫೋನು ಮಾಡಿ ಆಗಿತ್ತು. ಅವನು ಹಗ್ಗ ಹಿಡಿದು ಬಂದೇ ಬಿಟ್ಟ. ಅವನದು ಮೂರನೆಯ ಬಗೆ: ಕೊನೆಗೆ ಯಾರು ಮಾತಾಡಿದರೋ ಅವರದೇ ಸರಿ. ಮಾರುವುದೇ ಒಳ್ಳೆಯದೆಂದು ಅಕ್ಕ ಅಂದಾಗ ಹೌದೆಂದ. ಅಮ್ಮನ ವಸ್ತುವೆಂದು ತಮ್ಮ ಗೊಣಗಿದಾಗ ಅದಕ್ಕೂ ಹೌದೆಂದ.

ಬೇಡ ಅನ್ನಬೇಕು, ತಮ್ಮನಿಗೆ ಬಾಯಿ ಬರಲೊಲ್ಲದು. ಕೈ ನಿಜವಾಗಿ ಸೋತಿದ್ದರೆ? ಸೋತಿರದಿದ್ದರೆ? ದೇವರೇ ದಾರಿ ತೋರಿಸಪ್ಪಾ ಎಂದುಕೊಂಡು, ಅಕ್ಕ ಕೈಯಲ್ಲೇ ಹೊಲಿದ ಒಂದು ಕಾಜಾವನ್ನು ಬೆಳಕಿಗೆ ಹಿಡಿದ. ಎಳೆಗಳೆಲ್ಲ ಒಂದೇ ಬಿಗಿ. ಆದರೆ ಗುಂಡಿಯ ಕಿಂಡಿ ಗುರುತಿನಿಂದ ಬೆರಳಷ್ಟು ಪಕ್ಕಕ್ಕಿತ್ತು. ಸೋತ ಕೈ ಇದಲ್ಲ. ಅವಳಿಗೆ ತಾನು ಹೊಸ ಕನ್ನಡಕ ಕೊಟ್ಟದ್ದೂ ಎರಡು ತಿಂಗಳ ಹಿಂದೆಯೇ ಎಂಬುದು ಆಗ ನೆನಪಾಯಿತು.

ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, ಪರೀಕ್ಷೆಯ ದಪ್ಪ ಚೌಕಟ್ಟನ್ನು ಮೂಗಿಗೇರಿಸಿ, ಸಣ್ಣ ಅಕ್ಷರದ ಹಾಳೆ ಕೈಗಿತ್ತ. ಮೊದಲ ಗಾಜು ಹಾಕಿದ. ಎರಡನೆಯದು ಇನ್ನೂ ಅವನ ಬೆರಳಲ್ಲೇ ಇತ್ತು.

"ಎರಡನೇದೇ ಚೆನ್ನಾಗಿದೆ," ಅಂದಳು ಅಕ್ಕ.

"ಇನ್ನೂ ಹಾಕೇ ಇಲ್ವಲ್ಲಕ್ಕ."

"ಹಾಕಿದ್ರೂ ಅದನ್ನೇ ಹೇಳ್ತಿದ್ದೆ."

ತಮ್ಮನಿಗೆ ನಗು ಒತ್ತರಿಸಿ ಬಂದು ಬೀರುವಿಗೆ ಒರಗಿಕೊಂಡ. ಹೋದ ಸಲವೂ ಆದದ್ದು ಇದೇ. ಆರಿಸುವ ಕಷ್ಟ ತನಗೆ ತಪ್ಪಿತಲ್ಲ ಎಂಬ ಸಂತೋಷದಲ್ಲಿ ಅವಳು ಅಂದದ್ದನ್ನೇ ಬರೆದುಕೊಂಡಿದ್ದ. ಅವಳ ಆತುರ, ಇವನ ಮೀನಮೇಷ, ಎರಡೂ ಸೇರಿ ಆ ಕನ್ನಡಕವಾಗಿತ್ತು.

ಬಟ್ಟೆಗೆ ಗುರುತು ಹಾಕುವಾಗ ಅಕ್ಕ ಗುಂಡುಸೂಜಿಗಳನ್ನು ತುಟಿಗಳ ನಡುವೆ ಕಚ್ಚಿಕೊಳ್ಳುವಳು. ದಿನದಲ್ಲಿ ಅವಳ ಬಾಯಿ ಮುಚ್ಚಿರುವುದು ಆಗ ಮಾತ್ರ. ತಮ್ಮ ಬೀರು ಬಳಸಿ ಓಡಿ ಆರು ಗುಂಡುಸೂಜಿ ತಂದ. ಎಲ್ಲ ಗಾಜೂ ನೋಡುವ ತನಕ ಕಚ್ಚಿಕೊಂಡಿರಬೇಕೆಂದ. ಅಕ್ಕ ಕಣ್ಣಲ್ಲೇ ಸುಟ್ಟಳು, ಆದರೆ ಕಚ್ಚಿಕೊಂಡಳು. ಗಾಜಿನ ಮೇಲೆ ಗಾಜು ಬದಲಾಯಿತು. ಮಾತು ಗಂಟಲಿಗೆ ಬಂದು ಬಂದು ಸೂಜಿಗೆ ತಗುಲಿ ಹಿಂದಿರುಗುತ್ತಿತ್ತು. ಜೀವಮಾನದಲ್ಲಿ ಮೊದಲ ಬಾರಿಗೆ ಅವಳು ನೋಡಿದಳು.

ಕೊನೆಗೆ ಎರಡು ಗಾಜು ಉಳಿದವು. ಎರಡೂ ಒಂದೇ ಎಂದು ಅಕ್ಕ ಕೈಯಾಡಿಸಿ, ಸೂಜಿಗಳನ್ನು ಅಂಗೈಗೆ ಇಳಿಸಿ, "ಈಗ ನೀನು ಹೇಳೋ, ಕನ್ನಡಕದ ಪಂಡಿತ," ಎಂದು ಮತ್ತೆ ಬಾಯಿಗಿಟ್ಟುಕೊಂಡಳು.

ಯಾರೂ ಮಾತಾಡದ್ದರಿಂದ ವ್ಯಾಪಾರಿಗೆ ಯಾವುದು ಸರಿಯೆಂದೇ ತೋಚದೆ, ಯಂತ್ರಕ್ಕೆ ಬಿಗಿಯುತ್ತಿದ್ದ ಗಂಟು ಅರ್ಧಕ್ಕೇ ನಿಂತಿತು. ತಮ್ಮ ಎರಡು ಗಾಜನ್ನೂ ಸರದಿಯಂತೆ ಎತ್ತಿ ಎತ್ತಿ ನೋಡಿದ. ಅಮ್ಮನಾದರೆ ಬೆನ್ನಿಗೊಂದು ಕೊಟ್ಟಿರುತ್ತಿದ್ದಳು. ಆ ಪೆಟ್ಟು ಬಿದ್ದಂತೆಯೇ ಆಗಿ, "ಇದು," ಅಂದ.

ಗಾಜು ಕೂತಿತು. ಅಕ್ಕ ಗೂಬೆಯ ಹಾಗೆ ಕಣ್ಣರಳಿಸಿ ಎದ್ದು, ಗುಂಡುಸೂಜಿಗಳನ್ನು ಬಾಯಿಂದ ತೆಗೆದಿಟ್ಟು, ಒಂದೇ ಏಟಿಗೆ ಯಂತ್ರದ ಸೂಜಿಗೆ ದಾರ ಪೋಣಿಸಿದಳು.

"ಹಗ್ಗ ಬಿಚ್ಚಪ್ಪ," ಅಂದಳು.

ಅದೇ ಸರಿ ಎಂದು ವ್ಯಾಪಾರಿ ಬಿಚ್ಚಿದ. ಮನೆಯ ಯಂತ್ರ ಮಾರುವವರಿಗೆ ಬುದ್ಧಿಯಿಲ್ಲ ಎಂದೂ ಸೇರಿಸಿದ. ಅವನ ಹರಿದ ಜೇಬನ್ನು ಅಕ್ಕ ಅಮ್ಮನ ಯಂತ್ರದಲ್ಲೇ ಗೆರೆ ಎಳೆದಂತೆ ಹೊಲಿದುಕೊಟ್ಟಳು.

ಅಷ್ಟರಲ್ಲಿ ಕಣ್ಣು ತೋರಿಸಲು ಒಬ್ಬ ಮೇಷ್ಟ್ರು ಬಂದು ಕುರ್ಚಿಯಲ್ಲಿ ಕೂತರು. ಪರೀಕ್ಷೆಯ ಚೌಕಟ್ಟು ಇದ್ದದ್ದು ಒಂದೇ, ಅದೂ ಅಕ್ಕನ ಮೂಗಿನ ಮೇಲೆ. ಆಚೆ ಯಂತ್ರ ಕುದುರೆಯಂತೆ ಓಡುತ್ತಿತ್ತು. ಕೇಳುವುದೋ ಬಿಡುವುದೋ ಎಂದು ತಮ್ಮ ಬೀರುವಿನ ಪಕ್ಕದಲ್ಲಿ ನಿಂತೇ ಇದ್ದ. ಮೇಷ್ಟ್ರು ಅಂದಿನ ಪತ್ರಿಕೆಯನ್ನು ದೂರಕ್ಕೆ ಹಿಡಿದು ಜಾಹೀರಾತಿನ ಸಮೇತ ಓದಿ ಮುಗಿಸಿದರು.