ಹಂಚು ಇನ್ನೂ ಕಾಯ್ದಿಲ್ಲ

ನಾನು ಒಂದು ರೊಟ್ಟಿ ಹಂಚು. ಜಾತಿಯಿಂದ ಕಬ್ಬಿಣ, ಬಣ್ಣದಿಂದ ಕಪ್ಪು, ಸ್ವಭಾವದಿಂದ ತುಸು ಬಿಸಿ. ಡಾಂಬರು ತುಂಬಿದ್ದ ಹಳೆಯ ಡ್ರಮ್ಮಿನ ತಳವನ್ನು ಕತ್ತರಿಸಿ, ಗದಗಿನ ಕಮ್ಮಾರನೊಬ್ಬ ಬಡಿದು ಬಡಿದು ನಡುವೆ ಕೊಂಚ ತಗ್ಗು ಮಾಡಿ, ಹಿಡಿದೆತ್ತಲು ಎರಡು ಕಿವಿ ಕೂರಿಸಿದ. ಅಷ್ಟು ಪೆಟ್ಟು ತಿಂದ ಮೇಲೆ ಯಾರ ಹೆದರಿಕೆ?

ಅಂಬವ್ವ ಎಂಬಾಕೆ ನನ್ನನ್ನು ಕೊಂಡು ಬಹಳ ವರ್ಷ ದುಡಿಸಿದಳು. ಮಗಳು ಕಸ್ತೂರಿಯ ಮದುವೆಯಾದಾಗ ಅವಳ ಜೊತೆ ಬೆಟಗೇರಿಗೆ ಕಳಿಸಿದಳು. ಹೊಸ ಪಾತ್ರೆಗಳ ನಡುವೆ ನನ್ನನ್ನು ಕಂಡು ಬೀಗರು ಮೂಗು ಮುರಿದರು. "ಪಳಗಿದ್ ಹಂಚರೀ ಅದು" ಎಂದಳು ಅಂಬವ್ವ. ಕಸ್ತೂರಿ ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿ ಕೊಡತೊಡಗಿದಳು. ಅವಳು ರೊಟ್ಟಿ ಬಡಿಯುವ ಸದ್ದು ಓಣಿಯ ತುದಿಗೂ ಕೇಳುತ್ತಿತ್ತು.

ಒಂದು ಬೇಸಿಗೆಯಲ್ಲಿ ಆ ಸದ್ದು ನಿಂತಿತು. ಕಸ್ತೂರಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಟಂಟಂ ರಿಕ್ಷಾ ಓಡಿಸುವ ಅವಳ ಗಂಡ ಫಕೀರಪ್ಪ ದವಾಖಾನೆಗೆ ಕರೆದೊಯ್ದ. ಇದು ಬೈಪೋಲಾರ್ ಕಾಯಿಲೆ, ಮನಸ್ಸು ಒಮ್ಮೆ ವಿಪರೀತ ಏರುತ್ತದೆ, ಒಮ್ಮೆ ವಿಪರೀತ ಇಳಿಯುತ್ತದೆ, ಗುಳಿಗೆ ಬಿಡಬಾರದು ಎಂದು ಡಾಕ್ಟರು ಹೇಳಿದರಂತೆ. ಅವನು ತನ್ನ ತಾಯಿ ನೀಲವ್ವನಿಗೆ ಇದನ್ನು ಹೇಳಿದ್ದು ಒಲೆಯ ಮುಂದೆಯೇ. ಕಿವಿ ಇದೆಯಲ್ಲ, ಕೇಳಿಸಿಕೊಂಡೆ.

ಗುಳಿಗೆಯಿಂದ ಕಸ್ತೂರಿ ಎದ್ದಳು. ದೀಪಾವಳಿಯ ಹೊತ್ತಿಗೆ ಬೇಕಾದ್ದಕ್ಕಿಂತ ಹೆಚ್ಚೇ ಎದ್ದಳು. ನಿದ್ದೆಯಿಲ್ಲ, ಬಾಯಿಗೆ ಬಿಡುವಿಲ್ಲ, ಯಾರೂ ಕೇಳದ ರೊಟ್ಟಿಗಳ ರಾಶಿ. "ಈಗ ಪೂರಾ ಆರಾಮಾಗ್ಯಾಳ" ಎಂದು ಮನೆಯವರು ಹಿಗ್ಗಿ ಗುಳಿಗೆ ನಿಲ್ಲಿಸಿಬಿಟ್ಟರು. ನನ್ನ ಮೇಲೆ ರೊಟ್ಟಿ ಕರಕಾಗುತ್ತಿದ್ದುದನ್ನು ಒಬ್ಬರೂ ನೋಡಲಿಲ್ಲ. ಸುಡುವ ಹಂಚನ್ನು ಚೆಂದ ಕಾದಿದೆ ಎನ್ನುವವರಿಗೆ ಏನು ಹೇಳೋಣ?

ಮತ್ತೆ ಬಿದ್ದಳು, ಮೊದಲಿಗಿಂತ ಆಳಕ್ಕೆ. ಊಟ ಬೇಡ, ಸ್ನಾನ ಬೇಡ, ಯಾರ ಮುಖವೂ ಬೇಡ. ನನ್ನ ಮೈಗೆ ತುಕ್ಕು ಹಿಡಿಯಿತು. ಒಂದು ಮುಂಜಾನೆ ನೀಲವ್ವ ಗುಜರಿಯವನನ್ನು ಕರೆದಳು.

"ಇನ್ನ ಈಕಿ ಕೈಲೆ ರೊಟ್ಟಿ ಆಗೂದಿಲ್ಲ. ಹಂಚು ಒಯ್ಯಪಾ."

ನಾನು ತಕ್ಕಡಿ ಏರಿದೆ. ಕೆಂಡದಂಥ ಸಿಟ್ಟು ಬಂತು. ನನಗಾಗಿ ಅಲ್ಲ. ಅವಳು ಬದುಕಿರುವಾಗಲೇ ಅವಳ ಕತೆ ಮುಗಿಯಿತು ಎನ್ನುತ್ತಿದ್ದರಲ್ಲ, ಅದಕ್ಕೆ. ಆಗ ಒಳಗಿನಿಂದ ಒಣಗಿದ ದನಿಯೊಂದು ಬಂತು.

"ಕೊಡಬ್ಯಾಡ್ರಿ ಅತ್ತಿ. ಹಂಚು ಇನ್ನೂ ಕಾಯ್ದಿಲ್ಲ, ಅಷ್ಟ."

ರೊಟ್ಟಿ ಮಾಡುವವರ ಮಾತು ಇದು. ಮೊದಲ ರೊಟ್ಟಿ ಅಂಟಿ ಹರಿದರೆ ಯಾರೂ ಕೈಯನ್ನು ಬೈಯುವುದಿಲ್ಲ, ಹಿಟ್ಟನ್ನೂ ಬೈಯುವುದಿಲ್ಲ. ಹಂಚು ಇನ್ನೂ ಕಾಯ್ದಿಲ್ಲ ಎಂದು ಸುಮ್ಮನೆ ಕೂರುತ್ತಾರೆ. ಬಿಸಿಯಾಗುವುದೂ ಕಾಯುವುದೇ, ತಾಳ್ಮೆಯಿಂದ ಕೂರುವುದೂ ಕಾಯುವುದೇ. ನೀಲವ್ವನೂ ಜೀವಮಾನವಿಡೀ ಹಾಗೆ ಅಂದವಳೇ. ನನ್ನನ್ನು ತಕ್ಕಡಿಯಿಂದ ಇಳಿಸಿ, ತುಕ್ಕು ತಿಕ್ಕಿ, ಎಣ್ಣೆ ಸವರಿದಳು.

ಫಕೀರಪ್ಪ ಕಸ್ತೂರಿಯನ್ನು ಮತ್ತೆ ಡಾಕ್ಟರ ಬಳಿ ಕರೆದೊಯ್ದ, ಗುಳಿಗೆ ಮತ್ತೆ ಶುರುವಾಯಿತು. ವಾರಗಟ್ಟಲೆ ಏನೂ ಬದಲಾಗಲಿಲ್ಲ. ನೀಲವ್ವ ದಿನಾ ಕೇಳುತ್ತಿದ್ದಳು.

"ಕಾಯ್ತೇನವಾ?"

"ಇಲ್ರಿ."

"ಇರ್ಲಿ ಬಿಡು."

ಒಂದು ದಿನ ಕಸ್ತೂರಿ ಗೋಡೆ ಹಿಡಿದುಕೊಂಡು ಬಂದು ಒಲೆಯ ಮುಂದೆ ಕೂತಳು. ಒಂದೇ ಒಂದು ರೊಟ್ಟಿ ಬಡಿದಳು. ಅದೂ ಹರಿಯಿತು. ಅತ್ತೆ ಸೊಸೆ ಅದನ್ನೇ ಮುರಿದು ತಿಂದರು.

ಕಾಯಿಲೆ ಹೋಯಿತೆ? ಎಲ್ಲಿಗೆ ಹೋಗುತ್ತದೆ! ಆಗಾಗ ಬರುತ್ತದೆ. ಅವಳ ಮಾತು ಜೋರಾಗಿ ನಿದ್ದೆ ಹಾರಿದರೆ, "ಹಂಚು ಭಾಳ ಕಾಯ್ದೈತಿ, ನಡಿ" ಎಂದು ಫಕೀರಪ್ಪ ದವಾಖಾನೆಗೆ ಹೋಗಲು ಟಂಟಂ ಹತ್ತಿಸುತ್ತಾನೆ.

ಈಗ ಖಾನಾವಳಿಯ ರೊಟ್ಟಿಗೆ ಗ್ಯಾಸಿನ ಮೇಲೆ ದೊಡ್ಡ ಹಂಚು ಬಂದಿದೆ. ನಡು ಸವೆದ ನಾನು ಮೊಳೆಗೆ ನೇತಾಡುತ್ತೇನೆ. ಆದರೆ ಮನಸ್ಸು ಕುಸಿದ ದಿನಗಳಲ್ಲಿ ಕಸ್ತೂರಿ ಆ ದೊಡ್ಡದನ್ನು ಮುಟ್ಟುವುದಿಲ್ಲ, ನನ್ನನ್ನು ಇಳಿಸುತ್ತಾಳೆ. ಒಂದು ರೊಟ್ಟಿಗೆ ನಾನು ಸಾಕು. ಅದೂ ಆಗದ ದಿನ ನೀಲವ್ವ ರೊಟ್ಟಿ ಮಾಡಿ, ಗುಳಿಗೆಯ ಜೊತೆ ಹಾಸಿಗೆಗೇ ಒಯ್ಯುತ್ತಾಳೆ. ಕಸ್ತೂರಿಯ ಕೆಟ್ಟ ದಿನಗಳೇ ನನ್ನ ಕೆಲಸದ ದಿನಗಳು.

ಮೊನ್ನೆ ಅದೇ ಗುಜರಿಯವನು ಬಾಗಿಲಿಗೆ ಬಂದ. "ಆ ಹಳೇ ಹಂಚು ಇನ್ನೂ ಐತೇನ್ರಿ?"

ತಲೆ ಬಾಚದೆ, ಸೀರೆ ಬದಲಿಸದೆ ನನ್ನ ಮುಂದೆ ಕೂತಿದ್ದ ಕಸ್ತೂರಿ ಕತ್ತೆತ್ತದೆ ಹೇಳಿದಳು.

"ಐತಿ. ನಾನೂ ಅದೀನಿ. ಮುಂದ ಹೋಗಪಾ."