ಚಾ ಅಂಗಡಿಯೆದುರು ನಿಲ್ಲುವ ಕಾರು

ತೀರಿಹೋದ ಅಣ್ಣ ಅರ್ಮಾನ್‌ನ ವ್ಯಾನಿನಿಂದ ಹಳೆಯ ಕಾರ್ಬುರೇಟರ್ ಎಂಜಿನ್ ಬಿಚ್ಚಿ ಮೊಯಿನ್ ತನ್ನ ಕಾರಿಗೆ ಕೂರಿಸಿದ್ದ. ಅಂದಿನಿಂದ ಯಲ್ಲಾಪುರ ಬಿಟ್ಟ ಕಾರು ಪ್ರತಿ ಸಲವೂ ಘಟ್ಟದ ತಿರುವಿನ ಚಾ ಅಂಗಡಿಯೆದುರೇ ಕೆಮ್ಮಿ ನಿಲ್ಲುತ್ತಿತ್ತು. ಅರ್ಮಾನ್ ದಿನವೂ ವ್ಯಾನು ನಿಲ್ಲಿಸುತ್ತಿದ್ದ ಜಾಗವದು.

“ಚಾ ಕುಡೀದೆ ಅವ ಮುಂದೆ ಹೋಗಾಂವಲ್ಲ. ರಿಪೇರಿ ಬ್ಯಾಡ, ನಿಂದರ್ಲಿ ಬಿಡು,” ಎಂದಳು ಹಿಂದಿನ ಸೀಟಿನಲ್ಲಿದ್ದ ಅಮ್ಮಿ.

“ನಿಂತರೆ ನನ್ನ ಬಾಡಿಗೆ ಹೋಗ್ತದಲ್ಲ ಅಮ್ಮಿ.”

ಪಂಪು, ಫಿಲ್ಟರ್ ಎರಡೂ ಸರಿಯಿದ್ದವು. ಕೊನೆಗೆ ಮೊಯಿನ್ ಟ್ಯಾಂಕಿನ ಮುಚ್ಚಳ ತಿರುಗಿಸಿದಾಗ ಸುಯ್ಯೆಂದು ಉದ್ದನೆಯ ಸದ್ದಾಯಿತು. ಅಮ್ಮಿ ದುಪಟ್ಟಾ ತಲೆಗೆಳೆದುಕೊಂಡಳು.

“ಎಂಜಿನ್ ಕೂರಿಸುವಾಗ ಟ್ಯಾಂಕಿನ ಗಾಳಿ ಪೈಪು ಬಿರಡೆ ಹಾಕಿ ನಾನೇ ಮುಚ್ಚೀನಿ. ಗಾಳಿ ಒಳಗೆ ಹೋಗದೆ ಪೆಟ್ರೋಲ್ ಹೊರಗೆ ಬರಂಗಿಲ್ಲ. ಈಗ ಟ್ಯಾಂಕು ಉಸಿರು ಎಳ್ಕೊಂತು, ಅಷ್ಟೇ.”

“ಸತ್ತೋರು ಉಸಿರು ಎಳ್ಕೋತಾರೇನೋ?”

ಮೊಯಿನ್ ಪೈಪಿನ ಬಿರಡೆ ಕಿತ್ತು ಬಿಸಾಡಿದ.

ಮರುದಿನ ಕಾರು ಒಂದಿಷ್ಟೂ ಕೆಮ್ಮದೆ ಚಾ ಅಂಗಡಿಯನ್ನು ದಾಟಿತು. ತಿರುವು ಮರೆಯಾಗುವ ತನಕ ಅಮ್ಮಿ ಹಿಂದಿನ ಗಾಜಿನಲ್ಲಿ ನೋಡುತ್ತಲೇ ಇದ್ದಳು.

“ಅವ ಇಳದುಬಿಟ್ಟ ನೋಡು,” ಎಂದಳು.

ಮೊಯಿನ್ ಕನ್ನಡಿಯತ್ತ ಕಣ್ಣೆತ್ತಿದ. ಇಷ್ಟು ದಿನ ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು ಬಾಗಿಲಿಗೆ ಒತ್ತಿಕೊಂಡೇ ಕೂರುತ್ತಿದ್ದ ಅಮ್ಮಿ, ಈಗ ಸೀಟಿನ ನಡುವಿಗೆ ಸರಿದು ಕೂತಿದ್ದಳು.